ಅಂತರಂಗದ ತೂಕಕ್ಕೆ ಯಾವ ತಕ್ಕಡಿ?

ತೂಗುವ ಮುನ್ನ ಬರಿದಾದ ತಕ್ಕಡಿಯನ್ನು ಒಮ್ಮೆ ನೋಡಬೇಕೆಂಬುದು ಹಳೆಯ ವರ್ತಕರು ಮಕ್ಕಳಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ. ಎರಡೂ ತಟ್ಟೆಗಳು ಬರಿದಾಗಿರುವಾಗ ಮುಳ್ಳು ನಡುವೆ ನಿಲ್ಲದಿದ್ದರೆ, ಆ ಮೇಲೆ ಎಷ್ಟು ಪ್ರಾಮಾಣಿಕವಾಗಿ ತೂಗಿದರೂ ತೂಕ ತಪ್ಪಾಗುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು, ಎಂದರೆ ಕೊಳ್ಳುವಾಗ ಒಂದು ಅಳತೆ ಕೊಡುವಾಗ ಇನ್ನೊಂದು ಅಳತೆ ಬಳಸುವುದನ್ನು, ಎಣಿಸಿರುವುದು ಓದುಗರಿಗೆ ತಿಳಿದ ವಿಷಯವೇ ಆಗಿದೆ. ಅಡಕೆ, ಅಕ್ಕಿ, ಬೆಲ್ಲಗಳ ವ್ಯಾಪಾರದಲ್ಲಿ ಈ ಎಚ್ಚರವನ್ನು ಪಾಲಿಸುವುದು ಅಷ್ಟು ಕಷ್ಟವಲ್ಲ. ಆದರೆ ಮನುಷ್ಯರ ಯೋಗ್ಯತೆಯನ್ನು ತೂಗುವವನ ಮನಸ್ಸಿನ ಮುಳ್ಳು ಮೊದಲೇ ಒಂದು ಕಡೆಗೆ ವಾಲಿದ್ದರೆ ಅದನ್ನು ಕಾಣುವ ಬಗೆ ಯಾವುದು? ಆ ಮುಳ್ಳನ್ನೇ ಅಳೆದು ತೋರಿಸುತ್ತೇವೆ ಎನ್ನುವ ಪರೀಕ್ಷೆಗಳು ಈಗ ಬಂದಿವೆ. ಅವುಗಳನ್ನು ನಂಬಬಹುದೇ ಎಂಬ ಪ್ರಶ್ನೆ ಶಿವಮೊಗ್ಗದ ವಿನೋಬನಗರದ ಒಂದು ಮನೆಯಲ್ಲಿ ಎದ್ದ ಬಗೆಯನ್ನೂ, ಅದು ಹಿಡಿದ ದಾರಿಯನ್ನೂ ಇಲ್ಲಿ ನಿರೂಪಿಸಲಾಗಿದೆ.

ಆ ಮನೆಯ ಹಿರಿಯರು ಅಡಕೆ ವರ್ತಕರು. ಸರಕು, ಬೆಟ್ಟೆ, ರಾಶಿ, ಗೊರಬಲು ಇವುಗಳನ್ನು ಅಂಗೈಯಲ್ಲಿ ಹಿಡಿದೊಡನೆ ಗುರುತಿಸುವ ಅನುಭವ ಅವರದು. ವ್ಯಾಪಾರವನ್ನು ಮಗನಿಗೆ ಒಪ್ಪಿಸಿದ ಮೇಲೆ, ಬಡ ವಿದ್ಯಾರ್ಥಿಗಳಿಗೆ ನೆರವು ನೀಡುವ ಒಂದು ಚಿಕ್ಕ ನಿಧಿಯ ಆಯ್ಕೆ ಸಮಿತಿಯಲ್ಲಿ ಸೇವೆ ಸಲ್ಲಿಸುತ್ತಿದ್ದರು. ನಿಧಿ ದೊಡ್ಡದಲ್ಲ. ಪ್ರತಿ ವರ್ಷ ಬರುವ ಅರ್ಜಿಗಳಲ್ಲಿ ಕೆಲವಕ್ಕೆ ಮಾತ್ರ ಹಣ ಸಾಲುತ್ತದೆ. ಆದ್ದರಿಂದ ಅಂಕಪಟ್ಟಿ ನೋಡಿದ ಬಳಿಕ ಮಕ್ಕಳನ್ನು ಕರೆದು ಮಾತನಾಡಿಸಿ, ಸಮಿತಿಯವರು ತಮ್ಮ ತಮ್ಮ ಅಭಿಪ್ರಾಯವನ್ನು ಪುಸ್ತಕದಲ್ಲಿ ಬರೆದು ತೀರ್ಮಾನಿಸುವ ಪದ್ಧತಿ ಬೆಳೆದು ಬಂದಿತ್ತು.

ಒಂದು ವರ್ಷದ ಸಭೆಯಲ್ಲಿ ಸಮಿತಿಯ ಕಿರಿಯ ಸದಸ್ಯರೊಬ್ಬರು ಹೊಸ ಸಲಹೆಯನ್ನು ಮುಂದಿಟ್ಟರು. ಸಂದರ್ಶನ ಮಾಡುವವರೆಲ್ಲರೂ ಮೊದಲು ಕಂಪ್ಯೂಟರಿನ ಮೇಲೆ ಒಂದು ಪರೀಕ್ಷೆಗೆ ಕುಳಿತುಕೊಳ್ಳಬೇಕು, ಅರಿವಿಗೆ ಬಾರದ ಪೂರ್ವಗ್ರಹ ಹೆಚ್ಚಾಗಿ ಕಂಡುಬಂದವರು ಆ ವರ್ಷ ಆಯ್ಕೆಯಿಂದ ದೂರ ಇರಬೇಕು ಎಂಬುದು ಅವರ ಅಭಿಪ್ರಾಯ. ದೊಡ್ಡ ಕಂಪನಿಗಳಲ್ಲಿ ಇಂತಹ ಪರೀಕ್ಷೆಗಳೂ ತರಬೇತಿಗಳೂ ನಡೆಯುತ್ತವೆ ಎಂದು ಅವರು ವಿವರಿಸಿದರು. ಹಿರಿಯರಿಗೆ ಅಂಜಿಕೆ ಇರಲಿಲ್ಲ. ನಲವತ್ತು ವರ್ಷ ವ್ಯಾಪಾರ ಮಾಡಿ ಒಬ್ಬರಿಂದಲೂ ತೂಕದ ದೂರು ಕೇಳದವರಿಗೆ ಯಂತ್ರದ ಮುಂದೆ ಕುಳಿತುಕೊಳ್ಳಲು ಸಂಕೋಚವೇಕೆ? ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗಳು ಹಬ್ಬಕ್ಕೆ ಬಂದಾಗ ಅವಳ ನೆರವಿನಿಂದ ಪರೀಕ್ಷೆಗೆ ಕುಳಿತರು.

ಈ ಪರೀಕ್ಷೆಯ ಇಂಗ್ಲಿಷ್ ಹೆಸರು ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್. ಕನ್ನಡದಲ್ಲಿ ಅಂತರ್ಗತ ಸಂಬಂಧ ಪರೀಕ್ಷೆ ಎನ್ನಬಹುದು. ಅಮೆರಿಕದ ಮನೋವಿಜ್ಞಾನಿ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1998ರಲ್ಲಿ ಇದನ್ನು ಪ್ರಕಟಿಸಿದರು. ಸಿಕಂದರಾಬಾದಿನಲ್ಲಿ ಬೆಳೆದು ಅಮೆರಿಕದಲ್ಲಿ ಪ್ರಾಧ್ಯಾಪಕರಾದ ಮಹಜರೀನ್ ಬಾನಾಜಿ ಮತ್ತು ಬ್ರಯಾನ್ ನೋಸೆಕ್ ಅವರು ಗ್ರೀನ್‌ವಾಲ್ಡರೊಡನೆ ಸೇರಿ ಇದನ್ನು ಅಂತರ್ಜಾಲದ ಮೂಲಕ ಜಗತ್ತಿಗೆಲ್ಲ ಪರಿಚಯಿಸಿದರು. ಅಂದಿನಿಂದ ಲಕ್ಷಾಂತರ ಜನರು ಇದನ್ನು ತೆಗೆದುಕೊಂಡಿದ್ದಾರೆ.

ಪರೀಕ್ಷೆಯ ಕ್ರಮ ಸರಳವಾದುದು. ಪರದೆಯ ಮೇಲೆ ಒಂದೊಂದೇ ಪದ ಮೂಡುತ್ತದೆ. ಒಂದು ಸುತ್ತಿನಲ್ಲಿ ಪುರುಷರ ಹೆಸರು ಅಥವಾ ಉದ್ಯೋಗಕ್ಕೆ ಸಂಬಂಧಿಸಿದ ಪದ ಬಂದರೆ ಎಡಗೈಯ ಕೀಲಿಯನ್ನೂ, ಸ್ತ್ರೀಯರ ಹೆಸರು ಅಥವಾ ಗೃಹಕ್ಕೆ ಸಂಬಂಧಿಸಿದ ಪದ ಬಂದರೆ ಬಲಗೈಯ ಕೀಲಿಯನ್ನೂ ಒತ್ತಬೇಕು. ಇನ್ನೊಂದು ಸುತ್ತಿನಲ್ಲಿ ಜೋಡಿ ಬದಲಾಗುತ್ತದೆ. ಸ್ತ್ರೀಯರ ಹೆಸರಿನೊಡನೆ ಉದ್ಯೋಗ, ಪುರುಷರ ಹೆಸರಿನೊಡನೆ ಗೃಹ. ಮೊದಲನೆಯ ಜೋಡಿಯಲ್ಲಿ ಬೆರಳು ಬೇಗ ಚಲಿಸಿ, ಎರಡನೆಯದರಲ್ಲಿ ತಡವರಿಸಿದರೆ, ಪುರುಷ ಮತ್ತು ಉದ್ಯೋಗ ಎಂಬ ಎರಡು ಭಾವನೆಗಳು ಮನಸ್ಸಿನಲ್ಲಿ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿವೆ ಎಂದು ಭಾವಿಸಲಾಗುತ್ತದೆ. ವ್ಯತ್ಯಾಸವನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆದು ಒಂದು ಅಂಕಿಗೆ ಇಳಿಸುತ್ತಾರೆ. ಆ ಅಂಕಿ 0.15ಕ್ಕಿಂತ ಕಡಿಮೆ ಇದ್ದರೆ ಒಲವು ಇಲ್ಲವೆಂದೂ, 0.15ರಿಂದ 0.35ರವರೆಗೆ ಅಲ್ಪವೆಂದೂ, 0.65ರವರೆಗೆ ಮಧ್ಯಮವೆಂದೂ, ಅದನ್ನು ಮೀರಿದರೆ ತೀವ್ರವೆಂದೂ ತಿಳಿಸುತ್ತಾರೆ.

ಹಿರಿಯರಿಗೆ ಬಂದ ಉತ್ತರ ‘ಮಧ್ಯಮ’ ಎಂಬುದಾಗಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಪದವಿಯವರೆಗೆ ಓದಿಸಿದ ತಂದೆಗೆ ಇದು ಸಹಜವಾಗಿಯೇ ನೋವನ್ನುಂಟುಮಾಡಿತು. ಅಂದು ರಾತ್ರಿ ಅವರು ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ. ಒಂದು ವಾರದ ನಂತರ ಮತ್ತೊಮ್ಮೆ ಕುಳಿತರು. ಈ ಸಲ ‘ಅಲ್ಪ’ ಎಂದು ಬಂದಿತು. ಮತ್ತೆ ಕೆಲವು ದಿನ ಕಳೆದು ಕುಳಿತಾಗ ಗಮನಾರ್ಹವಾದ ಒಲವೇ ಇಲ್ಲವೆಂಬ ಉತ್ತರ ದೊರೆಯಿತು. ಅವರೊಳಗಿನ ವರ್ತಕ ಎಚ್ಚೆತ್ತುಕೊಂಡನು. ಒಂದೇ ಮೂಟೆಯನ್ನು ಮೂರು ಬಾರಿ ಇಟ್ಟಾಗ ಮೂರು ತೂಕ ತೋರಿಸುವ ತಕ್ಕಡಿಯನ್ನು ಕಾನೂನು ಮಾಪನ ಇಲಾಖೆಯವರು ಕಂಡರೆ ಮುದ್ರೆ ಹಾಕುವುದಿರಲಿ, ಅಂಗಡಿಯಲ್ಲಿ ಇರಿಸಿಕೊಳ್ಳಲೂ ಬಿಡುವುದಿಲ್ಲ. ಮನುಷ್ಯನ ಮಾನವನ್ನು ತೂಗಲು ಅಂತಹುದನ್ನು ಬಳಸಬಹುದೇ ಎಂದು ಅವರು ಕೇಳಿದರು. ಮೊಮ್ಮಗಳು ಈ ವಿಷಯದ ಮೇಲೆ ನಡೆದ ಸಂಶೋಧನೆಗಳನ್ನು ಹುಡುಕಿ ಓದಿ ಹೇಳಿದಳು.

ಹಿರಿಯರ ಅನುಮಾನ ಆಧಾರವಿಲ್ಲದ್ದಾಗಿರಲಿಲ್ಲ. ಒಬ್ಬನೇ ವ್ಯಕ್ತಿ ಈ ಪರೀಕ್ಷೆಯನ್ನು ಎರಡು ಬಾರಿ ತೆಗೆದುಕೊಂಡಾಗ ಎರಡು ಫಲಿತಾಂಶಗಳ ನಡುವಣ ಹೊಂದಾಣಿಕೆಯ ಗುಣಾಂಕ ಸರಾಸರಿ 0.5ರ ಆಸುಪಾಸಿನಲ್ಲಿದೆ. ಎರಡೂ ಬಾರಿ ಎಲ್ಲರ ಸ್ಥಾನವೂ ಒಂದೇ ಆಗಿ ಉಳಿದರೆ ಈ ಗುಣಾಂಕ 1 ಆಗುತ್ತದೆ; ಮೊದಲನೆಯದಕ್ಕೂ ಎರಡನೆಯದಕ್ಕೂ ಸಂಬಂಧವೇ ಇಲ್ಲದಿದ್ದರೆ 0. ವ್ಯಕ್ತಿಯೊಬ್ಬನ ಭವಿಷ್ಯವನ್ನು ತೀರ್ಮಾನಿಸುವ ಪರೀಕ್ಷೆಯಿಂದ ಇದಕ್ಕಿಂತ ಬಹಳ ಹೆಚ್ಚಿನ ಸ್ಥಿರತೆಯನ್ನು ನಿರೀಕ್ಷಿಸಲಾಗುತ್ತದೆ. ಗಡಿಗಳು 0.15, 0.35, 0.65 ಎಂದು ಹತ್ತಿರ ಹತ್ತಿರ ಇರುವುದರಿಂದ, ನಿದ್ರೆ ಸಾಲದಿದ್ದುದು, ಅಭ್ಯಾಸವಾದುದು, ಕೈ ಸೋತದ್ದು ಇಂತಹ ಅಲ್ಪ ಕಾರಣಗಳಿಂದಲೂ ಒಬ್ಬನು ಒಂದು ವರ್ಗದಿಂದ ಇನ್ನೊಂದು ವರ್ಗಕ್ಕೆ ಸರಿಯಬಹುದು.

ಎರಡನೆಯ ಪ್ರಶ್ನೆ ಇದಕ್ಕಿಂತ ಮುಖ್ಯವಾದುದು. ಪರೀಕ್ಷೆಯಲ್ಲಿ ಕಂಡ ಒಲವು ನಡತೆಯಲ್ಲಿಯೂ ಕಾಣುತ್ತದೆಯೇ? ಪರೀಕ್ಷೆಯ ರೂವಾರಿಗಳು 2009ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪರೀಕ್ಷೆಗೂ ನಡತೆಗೂ ಇರುವ ಸಂಬಂಧ ಸುಮಾರು 0.27 ಎಂದು ಕಂಡಿತು. 2013ರಲ್ಲಿ ಫ್ರೆಡರಿಕ್ ಆಸ್ವಾಲ್ಡ್ ಮತ್ತು ಸಂಗಡಿಗರು ಮಾಡಿದ ಲೆಕ್ಕದಲ್ಲಿ ಅದು ಸುಮಾರು 0.15ಕ್ಕೆ ಇಳಿಯಿತು. 2019ರಲ್ಲಿ ಪ್ರಕಟವಾದ, 492 ಅಧ್ಯಯನಗಳನ್ನು ಒಳಗೊಂಡ ಸಮೀಕ್ಷೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪರೀಕ್ಷೆಯ ಅಂಕವನ್ನು ನಾನಾ ಉಪಾಯಗಳಿಂದ ಸ್ವಲ್ಪ ಬದಲಾಯಿಸಬಹುದು, ಆದರೆ ಆ ಬದಲಾವಣೆಯಿಂದ ನಡತೆಯೂ ಬದಲಾಯಿತೆಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂಬುದು ಅದರ ಸಾರ. ಗ್ರೀನ್‌ವಾಲ್ಡ್, ಬಾನಾಜಿ, ನೋಸೆಕ್ ಮೂವರೂ 2015ರಲ್ಲಿ ತಾವೇ ಬರೆದ ಲೇಖನದಲ್ಲಿ, ಇಂಥವನು ತಾರತಮ್ಯ ಮಾಡುತ್ತಾನೆ ಎಂದು ವ್ಯಕ್ತಿಗಳನ್ನು ವಿಂಗಡಿಸಲು ಈ ಪರೀಕ್ಷೆಯನ್ನು ಬಳಸುವುದು ಸಮಂಜಸವಲ್ಲವೆಂದು ಒಪ್ಪಿಕೊಂಡಿದ್ದಾರೆ. ತಕ್ಕಡಿಯನ್ನು ಮಾಡಿದವರೇ ಅದರ ಮಿತಿಯನ್ನು ಹೇಳಿದ್ದು ಅವರ ವಿದ್ವತ್ತಿಗೆ ಶೋಭೆ ತರುವ ಸಂಗತಿ. ಆದರೂ ಉದ್ಯಮಗಳಲ್ಲಿ ತರಬೇತಿಯ ಉತ್ಸಾಹ ಬಹುಕಾಲ ಮುಂದುವರಿಯಿತು. ಸ್ಟಾರ್‌ಬಕ್ಸ್ ಎಂಬ ಕಾಫಿ ಸಂಸ್ಥೆಯು 2018ರ ಮೇ 29ರಂದು ಅಮೆರಿಕದ ತನ್ನ 8,000ಕ್ಕೂ ಹೆಚ್ಚು ಅಂಗಡಿಗಳನ್ನು ಅಪರಾಹ್ನ ಮುಚ್ಚಿ ನೌಕರರಿಗೆ ಪೂರ್ವಗ್ರಹ ನಿವಾರಣೆಯ ಪಾಠ ಹೇಳಿಸಿತು. ಬ್ರಿಟನ್ ಸರ್ಕಾರವು 2020ರ ಡಿಸೆಂಬರ್‌ನಲ್ಲಿ, ಇಂತಹ ತರಬೇತಿಯಿಂದ ನಡತೆ ಬದಲಾಗುವುದಕ್ಕೆ ಆಧಾರ ಸಾಲದೆಂದು ಹೇಳಿ ತನ್ನ ಆಡಳಿತ ಸೇವೆಯಲ್ಲಿ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು.

ಇಷ್ಟಾದರೂ ಪರೀಕ್ಷೆ ನಿರರ್ಥಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಾವಿರಾರು ಜನರ ಫಲಿತಾಂಶಗಳನ್ನು ಕೂಡಿಸಿ ಸರಾಸರಿ ತೆಗೆದಾಗ ಒಂದು ಪ್ರದೇಶದ, ಒಂದು ಸಮಾಜದ ಒಲವು ಸಾಕಷ್ಟು ಸ್ಥಿರವಾಗಿ ಕಾಣುತ್ತದೆ ಎಂದು 2017ರಲ್ಲಿ ಕೀತ್ ಪೇನ್ ಮತ್ತು ಸಂಗಡಿಗರು ವಾದಿಸಿದರು. ಗಾಜನೂರಿನ ಅಣೆಕಟ್ಟೆಯಲ್ಲಿ ತುಂಗೆಯ ನೀರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಒಂದೊಂದು ಅಲೆಯೂ ಏರುತ್ತ ಇಳಿಯುತ್ತ ಇರುತ್ತದೆ. ಒಂದು ಅಲೆಯನ್ನು ಅಳೆದು ನೀರಿನ ಮಟ್ಟ ಹೇಳಲು ಹೊರಟವನು ಮೋಸ ಹೋಗುತ್ತಾನೆ. ಆದರೆ ಜಲಾಶಯಕ್ಕೆ ಒಂದು ಮಟ್ಟವಿದೆ ಎಂಬುದು ಸುಳ್ಳಲ್ಲ. ಸಮಾಜದ ಅಭಿಪ್ರಾಯದ ಮಟ್ಟ ಅಲ್ಲಿ ಕಾಣುತ್ತದೆ. ಅದರಲ್ಲಿ ತೇಲುವ ಒಬ್ಬೊಬ್ಬನ ದೋಷ ಎಷ್ಟೆಂಬುದು ಕಾಣುವುದಿಲ್ಲ.

ಒಳಮನಸ್ಸನ್ನು ಯಂತ್ರದಿಂದ ಓದುವ ಪ್ರಶ್ನೆ ಕರ್ನಾಟಕಕ್ಕೆ ಹೊಸತಲ್ಲ. ಆರೋಪಿಗಳಿಗೆ ಮಂಪರು ಔಷಧಿ ಕೊಟ್ಟು ಮಾತನಾಡಿಸುವುದು, ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸುವುದು, ಮಿದುಳಿನ ವಿದ್ಯುತ್ ತರಂಗಗಳನ್ನು ಅಳೆಯುವುದು ಇವು ಬೆಂಗಳೂರಿನಲ್ಲಿ ಬಹಳ ಸುದ್ದಿ ಮಾಡಿದ ಕಾಲವೊಂದಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಪು ನೀಡಿ, ಒಬ್ಬನ ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನದ 20(3) ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ಸಾರಿತು. ಪರೀಕ್ಷೆಗಳ ವಿಶ್ವಾಸಾರ್ಹತೆಯನ್ನೂ ನ್ಯಾಯಾಲಯ ಪರಿಶೀಲಿಸಿತು. ಆದರೆ ಅದಕ್ಕಿಂತ ಮಿಗಿಲಾಗಿ, ಹೇಳಲೊಲ್ಲದ ಮಾತನ್ನು ಮನಸ್ಸಿನಿಂದ ಬಲವಂತವಾಗಿ ಹೊರಗೆಳೆಯಬಾರದೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಕೊಲೆಯ ಆರೋಪಿಗೂ ಸಲ್ಲುವ ಈ ರಕ್ಷಣೆ ಒಂದು ನಿಧಿಯ ಸದಸ್ಯನಿಗೆ ಬೇಡವೇ? ಪರರ ಮನಸ್ಸಿನ ಭಾವಗಳನ್ನು ನೇರವಾಗಿ ಅರಿಯುವ ಮನಃಪರ್ಯಯ ಜ್ಞಾನವು ಸಂಯಮಿಗಳಾದ ಮುನಿಗಳಿಗಲ್ಲದೆ ಇತರರಿಗೆ ಲಭಿಸದೆಂದು ಶಾಸ್ತ್ರಕಾರರು ಹೇಳಿದುದರಲ್ಲಿ, ಉಳಿದವರೆಲ್ಲರೂ ಈ ವಿಷಯದಲ್ಲಿ ವಿನಯದಿಂದಿರಬೇಕೆಂಬ ಸೂಚನೆಯೂ ಅಡಗಿದೆ.

ಈ ವಾದಗಳನ್ನೆಲ್ಲ ಕ್ರಮವಾಗಿ ಬರೆದುಕೊಂಡು ಹಿರಿಯರು ಮುಂದಿನ ಸಭೆಗೆ ಹೋದರು. ಕಿರಿಯ ಸದಸ್ಯರೂ ಆಧಾರಗಳನ್ನು ನೋಡಿ ಒಪ್ಪಿದರು, ಸಲಹೆಯನ್ನು ಕೈಬಿಡಲಾಯಿತು. ಮನೆಗೆ ಬಂದು ಈ ಸುದ್ದಿಯನ್ನು ಹೇಳುವಾಗ ಹಿರಿಯರ ಮುಖದಲ್ಲಿ ಸಮಾಧಾನವಿತ್ತು. ಎಲ್ಲವನ್ನೂ ಕೇಳಿದ ಮೊಮ್ಮಗಳು ಒಂದೇ ಒಂದು ಪ್ರಶ್ನೆ ಕೇಳಿದಳು: ‘ಅಜ್ಜ, ತಕ್ಕಡಿ ಸರಿಯಿಲ್ಲ ಎಂದು ಗೊತ್ತಾಯಿತು. ಅಷ್ಟರಿಂದಲೇ ಮೂಟೆಯ ತೂಕ ಸರಿಯಿದೆ ಎಂದು ಆಗುತ್ತದೆಯೇ?’

ಹಿರಿಯರ ಬಳಿ ಉತ್ತರವಿರಲಿಲ್ಲ. ತೂಕದ ಬಗ್ಗೆ ಅನುಮಾನ ಬಂದಾಗ ವರ್ತಕನು ಏನು ಮಾಡುತ್ತಾನೆ? ಹಳೆಯ ಲೆಕ್ಕದ ಪುಸ್ತಕವನ್ನು ತೆಗೆಯುತ್ತಾನೆ. ಬಿ.ಕಾಂ. ಓದುವಾಗ ಕಲಿತ ಲೆಕ್ಕಪರಿಶೋಧನೆಯ ಮೊದಲ ಸೂತ್ರವೂ ಅದೇ. ಗುಮಾಸ್ತನ ಮನಸ್ಸಿನಲ್ಲಿ ಏನಿತ್ತೆಂದು ಪರಿಶೋಧಕನು ಕೇಳುವುದಿಲ್ಲ, ಬರೆದದ್ದನ್ನೂ ಕೊಟ್ಟದ್ದನ್ನೂ ತಾಳೆ ನೋಡುತ್ತಾನೆ. ಮರುದಿನ ಬೆಳಿಗ್ಗೆ ಅವರು ನಿಧಿಯ ಆಯ್ಕೆ ಪುಸ್ತಕಗಳನ್ನು ತರಿಸಿಕೊಂಡು, ಹೆಚ್ಚು ಕಡಿಮೆ ಒಂದೇ ಅಂಕ, ಒಂದೇ ಆದಾಯ ಇರುವ ಅರ್ಜಿಗಳನ್ನು ಜೋಡಿ ಜೋಡಿಯಾಗಿ ಬೇರ್ಪಡಿಸಿ, ಯಾರಿಗೆ ಹಣ ದೊರೆಯಿತು, ಯಾರಿಗೆ ದೊರೆಯಲಿಲ್ಲ, ಏನು ಕಾರಣ ಬರೆದಿದೆ ಎಂದು ಪಟ್ಟಿ ಮಾಡತೊಡಗಿದರು.

ಕೆಲಸ ಮುಗಿಯಲು ನಾಲ್ಕು ದಿನ ಬೇಕಾಯಿತು. ಸಂದರ್ಶನದಲ್ಲಿ ಹೆಚ್ಚು ಮಾತನಾಡದ ಹುಡುಗರ ಹೆಸರಿನ ಮುಂದೆ ‘ವಿನಯಶೀಲ’, ‘ಮಿತಭಾಷಿ’, ‘ಗಂಭೀರ ಸ್ವಭಾವ’ ಎಂಬ ಮಾತುಗಳಿದ್ದವು. ಅದೇ ರೀತಿ ಮೌನವಾಗಿದ್ದ ಹುಡುಗಿಯರ ಹೆಸರಿನ ಮುಂದೆ ‘ಧೈರ್ಯ ಸಾಲದು’, ‘ಮುಂದುವರಿಸುವುದು ಸಂದೇಹ’ ಎಂದು ಬರೆದಿತ್ತು. ವಿನೋಬನಗರದ, ಪರಿಚಿತ ಕುಟುಂಬಗಳ ಮಕ್ಕಳ ವಿಷಯದಲ್ಲಿ ‘ಮನೆತನ ಗೊತ್ತಿದೆ’ ಎಂಬ ಎರಡು ಪದಗಳು ಸಾಕಾಗಿದ್ದವು. ಭದ್ರಾವತಿಯಿಂದ ಬಂದ ಕೂಲಿ ಕುಟುಂಬದ ಒಬ್ಬ ಹುಡುಗಿಯ ಅರ್ಜಿಯನ್ನು, ಆಯ್ಕೆಯಾದ ಹುಡುಗನಿಗಿಂತ ಅವಳ ಅಂಕ ಹೆಚ್ಚಿದ್ದರೂ, ‘ಆತ್ಮವಿಶ್ವಾಸ ಕಾಣಲಿಲ್ಲ’ ಎಂಬ ಕಾರಣದಿಂದ ಬದಿಗಿಡಲಾಗಿತ್ತು. ಆ ಸಾಲು ಹಿರಿಯರ ಕೈಬರಹದಲ್ಲಿಯೇ ಇತ್ತು. ಬರೆದಾಗ ಕೆಟ್ಟ ಉದ್ದೇಶ ಇರಲಿಲ್ಲವೆಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನು ಮುಂದಿಟ್ಟಿರುವುದು ಏಕೆಂದು ಆ ದಿನ ಅವರಿಗೆ ಹೊಸದಾಗಿ ಹೊಳೆಯಿತು. ಎಚ್ಚರ ತಪ್ಪಿದ ಕೈಗೆ ದ್ವೇಷದ ಅಗತ್ಯವಿಲ್ಲ.

ಪೂರ್ವಗ್ರಹವನ್ನು ಮನಸ್ಸಿನಲ್ಲಿ ಹುಡುಕುವುದಕ್ಕಿಂತ ಕೃತಿಯಲ್ಲಿ ಎಣಿಸುವುದು ಹೆಚ್ಚು ಭದ್ರವಾದ ಮಾರ್ಗವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉತ್ತಮ ನಿದರ್ಶನಗಳಿವೆ. ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 66 ವಾರಗಳ ಕಾಲ 4,808 ಅರ್ಜಿಗಳನ್ನು ಕಳುಹಿಸಲಾಯಿತು. ವಿದ್ಯಾರ್ಹತೆ ಸಮಾನ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಅನುಕೂಲ ಉತ್ತರ ಬರುವ ಸಂಭವದ ಪ್ರಮಾಣ ಸುಮಾರು 0.67, ಮುಸ್ಲಿಂ ಹೆಸರಿಗೆ 0.33 ಎಂದು ಕಂಡುಬಂದಿತು. ರೆಮಾ ಹನ್ನಾ ಮತ್ತು ಲೀ ಲಿಂಡನ್ ಅವರು 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಭಾರತದ ಶಿಕ್ಷಕರಿಗೆ ಮೌಲ್ಯಮಾಪನಕ್ಕೆ ಕೊಟ್ಟ ಉತ್ತರಪತ್ರಿಕೆಗಳ ಮೇಲೆ ವಿದ್ಯಾರ್ಥಿಯ ಜಾತಿ, ಲಿಂಗ, ವಯಸ್ಸುಗಳನ್ನು ಚೀಟಿ ಎತ್ತಿದಂತೆ ಬದಲಾಯಿಸಿ ಬರೆದರು. ಕೆಳಜಾತಿಯೆಂದು ನಮೂದಿಸಿದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಅಂಕ ಬಂದವು. ವಿಚಿತ್ರವೆಂದರೆ, ಈ ವ್ಯತ್ಯಾಸಕ್ಕೆ ಮುಖ್ಯ ಕಾರಣರಾದವರು ಕೆಳಜಾತಿಗೆ ಸೇರಿದ ಶಿಕ್ಷಕರೇ ಆಗಿದ್ದರು. ಯಾರ ಹೃದಯವನ್ನೂ ಬಗೆದು ನೋಡದೆ, ಫಲವನ್ನು ಮಾತ್ರ ಎಣಿಸಿದ್ದರಿಂದ ಈ ಸತ್ಯ ಹೊರಬಿದ್ದಿತು. ಪಕ್ಷಪಾತವು ಎದುರು ಗುಂಪಿನವರಲ್ಲಿ ಮಾತ್ರ ಇರುತ್ತದೆಂಬ ಸುಲಭದ ನಂಬಿಕೆಯನ್ನೂ ಅದು ಅಲುಗಾಡಿಸಿತು.

ಸಂದರ್ಶನವೆಂಬ ಪದ್ಧತಿಯೇ ಅನುಮಾನಕ್ಕೆ ಎಡೆಗೊಡುವಂಥದೆಂದು ಮೈಸೂರು ರಾಜ್ಯದ ವಿದ್ಯಾರ್ಥಿಗಳು 60 ವರ್ಷಗಳಿಗೂ ಹಿಂದೆಯೇ ಪ್ರಶ್ನೆ ಎತ್ತಿದ್ದರು. 1963ರಲ್ಲಿ ಸರ್ಕಾರವು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಗೊತ್ತುಪಡಿಸಿತ್ತು. ಆರ್. ಚಿತ್ರಲೇಖ ವಿರುದ್ಧ ಮೈಸೂರು ರಾಜ್ಯ ಪ್ರಕರಣದಲ್ಲಿ 1964ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂದರ್ಶನ ಪದ್ಧತಿಯನ್ನು ರದ್ದುಗೊಳಿಸಲಿಲ್ಲ. ಆದರೆ 1980ರ ನವೆಂಬರ್‌ನಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, ಒಟ್ಟು ಅಂಕಗಳ ಮೂರನೆಯ ಒಂದು ಭಾಗವನ್ನು ಸಂದರ್ಶನಕ್ಕೆ ಇಡುವುದು ಸ್ವೇಚ್ಛಾಚಾರವಾಗುತ್ತದೆ, ಶೇ. 15ನ್ನು ಮೀರಬಾರದು ಎಂದು ಅದೇ ನ್ಯಾಯಾಲಯ ಹೇಳಿತು. ತಮ್ಮನ್ನು ಎರಡು ಮೂರು ನಿಮಿಷ ಮಾತ್ರ ಮಾತನಾಡಿಸಿ, ತಂದೆತಾಯಿಯರ ಬಗ್ಗೆ, ವಾಸಸ್ಥಳದ ಬಗ್ಗೆ ಕೇಳಿ ಕಳುಹಿಸಿದರೆಂಬುದು ಅಲ್ಲಿನ ವಿದ್ಯಾರ್ಥಿಗಳ ದೂರಾಗಿತ್ತು. ‘ಮನೆತನ ಗೊತ್ತಿದೆ’ ಎಂದು ಬರೆದ ಪುಸ್ತಕವನ್ನು ಮುಂದಿಟ್ಟುಕೊಂಡವರಿಗೆ ಈ ದೂರು ದೂರದ ಕಾಶ್ಮೀರದ್ದೆಂದು ಅನಿಸಲಿಲ್ಲ.

ಹಿರಿಯರು ಮತ್ತೊಂದು ಸಭೆ ಕರೆಯುವಂತೆ ಕೋರಿ, ತಮ್ಮ ಕೈಬರಹದ ಆ ಪುಟವನ್ನು ತಾವೇ ಓದಿದರು. ಒಬ್ಬಿಬ್ಬರು ಅಸಮಾಧಾನಗೊಂಡರು. ಸೇವಾಭಾವದಿಂದ ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿದರೆ ಮುಂದೆ ಯಾರು ಬರುತ್ತಾರೆ ಎಂದು ಕೇಳಿದರು. ಅವರ ಮಾತಿನಲ್ಲಿಯೂ ಸತ್ಯಾಂಶವಿತ್ತು. ಹಿರಿಯರು ಯಾರ ಮನಸ್ಸನ್ನೂ ದೂಷಿಸದೆ, ಎ.ಪಿ.ಎಂ.ಸಿ. ಪ್ರಾಂಗಣದ ಟೆಂಡರನ್ನು ನೆನಪಿಸಿದರು. ಅಲ್ಲಿ ಅಡಕೆಯ ರಾಶಿಗೆ ಒಂದು ಸಂಖ್ಯೆ ಇರುತ್ತದೆ. ಒಬ್ಬ ವರ್ತಕನು ಬರೆದ ಧಾರಣೆ ಇನ್ನೊಬ್ಬನಿಗೆ ಕಾಣುವುದಿಲ್ಲ. ಈ ಕ್ರಮವನ್ನು ತಂದವರು ವರ್ತಕರ ಅಂತಃಕರಣವನ್ನು ಪರೀಕ್ಷಿಸಲಿಲ್ಲ. ಒಳ್ಳೆಯವನಿಗೂ ಆಸೆಬುರುಕನಿಗೂ ಒಂದೇ ನಿಯಮ ಮಾಡಿದರು. ನಿಧಿಯಲ್ಲಿಯೂ ಹಾಗೆಯೇ ಮಾಡಬಹುದಲ್ಲವೇ?

ಚರ್ಚೆಯ ನಂತರ ಕೆಲವು ನಿಯಮಗಳನ್ನು ಒಪ್ಪಲಾಯಿತು. ಅರ್ಜಿಯ ಮೊದಲ ಪರಿಶೀಲನೆಯಲ್ಲಿ ಹೆಸರು, ಊರು, ಶಿಫಾರಸು ಮಾಡಿದವರ ಹೆಸರು ಇವು ಸಮಿತಿಗೆ ಕಾಣಬಾರದು. ಗುಮಾಸ್ತರು ಸಂಖ್ಯೆ ಹಾಕಿ ಕೊಡಬೇಕು. ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಬೇಕು, ಸಂದರ್ಶನದ ಅಂಕ ಶೇ. 15ನ್ನು ಮೀರಬಾರದು. ಪರಸ್ಪರ ಮಾತನಾಡುವ ಮುನ್ನವೇ ಪ್ರತಿಯೊಬ್ಬ ಸದಸ್ಯನೂ ತನ್ನ ಅಂಕವನ್ನು ಬರೆದುಕೊಡಬೇಕು. ವರ್ಷದ ಕೊನೆಯಲ್ಲಿ ಹಣದ ಲೆಕ್ಕದಂತೆಯೇ ಆಯ್ಕೆಯ ಲೆಕ್ಕವನ್ನೂ ಪರಿಶೋಧಿಸಬೇಕು.

ನಿಯಮ ಬದಲಾದರೆ ಮನಸ್ಸು ಬದಲಾಗುತ್ತದೆಯೇ ಎಂದು ಕಿರಿಯ ಸದಸ್ಯರು ಕೇಳಿದುದಕ್ಕೆ ಉತ್ತರ ಕೊಡುವ ಒಂದು ಅಧ್ಯಯನವಿದೆ. ಕರ್ನಾಟಕವು 1983ರ ಕಾಯ್ದೆಯ ಮೂಲಕ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿತು. ಮುಂದೆ 73ನೆಯ ತಿದ್ದುಪಡಿಯಿಂದ ದೇಶದಲ್ಲೆಲ್ಲ ಮೂರನೆಯ ಒಂದು ಭಾಗ ಮೀಸಲಾಯಿತು. ಇದರ ಪರಿಣಾಮವನ್ನು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಪರೀಕ್ಷಿಸಿದ ಲೋರಿ ಬೀಮನ್, ಎಸ್ತರ್ ಡುಫ್ಲೊ ಮತ್ತಿತರರು 2009ರ ಲೇಖನದಲ್ಲಿ ಇದೇ ಅಂತರ್ಗತ ಸಂಬಂಧ ಪರೀಕ್ಷೆಯನ್ನೂ ಬಳಸಿದರು. ವ್ಯಕ್ತಿಗಳನ್ನು ಶಿಕ್ಷಿಸಲು ಅಲ್ಲ, ಹಳ್ಳಿಗಳ ಸರಾಸರಿಯನ್ನು ಹೋಲಿಸಲು. ಮಹಿಳೆಯ ಮುಖಂಡತ್ವವನ್ನು ಕಂಡ ಹಳ್ಳಿಗಳ ಪುರುಷರಲ್ಲಿ, ಸ್ತ್ರೀಯೆಂದರೆ ಮನೆ, ಪುರುಷನೆಂದರೆ ಮುಂದಾಳು ಎಂಬ ಹೆಣಿಗೆ ಸಡಿಲಗೊಂಡಿತ್ತು. ಗಂಡಸರೇ ಮುಂದಾಳಾಗಿರಲಿ ಎಂಬ ಇಷ್ಟ ಮಾತ್ರ ಅಷ್ಟು ಸುಲಭವಾಗಿ ಹೋಗಿರಲಿಲ್ಲ. ಆದರೂ ಎರಡು ಅವಧಿಗಳ ಮೀಸಲಾತಿಯ ನಂತರ, ಮೀಸಲಿಲ್ಲದ ಸ್ಥಾನಗಳಲ್ಲಿಯೂ ಹೆಚ್ಚು ಮಹಿಳೆಯರು ನಿಂತು ಗೆದ್ದರು. ಅಂತರಂಗ ಶುದ್ಧವಾಗಲೆಂದು ಕಾಯುತ್ತ ಕುಳಿತಿದ್ದರೆ ಇದು ನಡೆಯುತ್ತಿರಲಿಲ್ಲ.

ಎಲ್ಲವೂ ಮುಗಿದ ಮೇಲೆ ಹಿರಿಯರಿಗೆ ಒಂದು ಸಾಲ ಉಳಿದಿತ್ತು. ಒಂದು ಭಾನುವಾರ ಅವರು ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಆ ಹುಡುಗಿಯ ಮನೆಯನ್ನು ಹುಡುಕಿದರು. ಅವಳು ಬಯಸಿದ್ದ ಎಂಜಿನಿಯರಿಂಗ್ ಓದನ್ನು ಬಿಟ್ಟು ಊರಿನಲ್ಲಿಯೇ ಬಿ.ಕಾಂ. ಸೇರಿ ಕೊನೆಯ ವರ್ಷದಲ್ಲಿದ್ದಳು. ಸಂಜೆ ಒಂದು ಅಂಗಡಿಯ ಲೆಕ್ಕ ಬರೆಯುತ್ತಿದ್ದಳು. ಬಂದ ಕಾರಣವನ್ನು ಹಿರಿಯರು ಹೇಳಿದಾಗ ಅವಳ ತಂದೆಗೆ ಏನು ಹೇಳಬೇಕೆಂದು ತೋಚಲಿಲ್ಲ. ಹುಡುಗಿ ಮಾತ್ರ ಸ್ಪಷ್ಟವಾಗಿ ಮಾತನಾಡಿದಳು: ‘ಹಣ ಸಿಗದಿದ್ದುದಕ್ಕೆ ಅಷ್ಟು ಬೇಸರವಾಗಲಿಲ್ಲ. ಏಕೆ ಸಿಗಲಿಲ್ಲವೆಂದು ಯಾರೂ ಹೇಳಲಿಲ್ಲ. ನನ್ನಲ್ಲಿ ಏನೋ ಕೊರತೆ ಇದೆಯೆಂದು ಎರಡು ವರ್ಷ ಹುಡುಕುತ್ತಿದ್ದೆ.’ ಧೈರ್ಯ ಸಾಲದೆಂದು ತಾವು ಬರೆದಿದ್ದ ಹುಡುಗಿಯ ಮಾತನ್ನು ಹಿರಿಯರು ತಲೆತಗ್ಗಿಸಿ ಕೇಳಿದರು. ಕಳೆದ ವರ್ಷಗಳನ್ನು ಹಿಂದಕ್ಕೆ ಕೊಡುವ ಶಕ್ತಿ ಯಾವ ನಿಧಿಗೂ ಇಲ್ಲ. ಮರಳಿ ಬಂದ ಮೇಲೆ ನಿಯಮಗಳ ಪಟ್ಟಿಗೆ ಇನ್ನೊಂದು ಸೇರಿತು. ನಿರಾಕರಿಸಿದ ಪ್ರತಿ ಅರ್ಜಿದಾರರಿಗೂ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು, ಬರೆಯಲು ನಾಚಿಕೆಯಾಗುವ ಕಾರಣದಿಂದ ಯಾರನ್ನೂ ನಿರಾಕರಿಸಬಾರದು.

ಅರಿವಿಲ್ಲದ ಪೂರ್ವಗ್ರಹದ ಪರೀಕ್ಷೆಗಳನ್ನು ನಂಬಬಹುದೇ ಎಂದು ಕೇಳಿದರೆ, ಇನ್ನೊಬ್ಬರಿಗೆ ಬೆಲೆ ಕಟ್ಟಲು ನಂಬಬಾರದು ಎಂಬುದೇ ಇಂದಿನ ಆಧಾರಗಳು ಕೊಡುವ ಉತ್ತರ. ತನ್ನನ್ನು ತಾನು ಒಮ್ಮೆ ಕೇಳಿಕೊಳ್ಳುವುದಕ್ಕೆ ನೆಪವಾಗಿ ಯಾರಾದರೂ ಅದನ್ನು ಬಳಸಿದರೆ ಅಡ್ಡಿಯಿಲ್ಲ. ಸಂಜೆಯ ಪ್ರತಿಕ್ರಮಣಕ್ಕೆ ಕುಳಿತವನು ತನ್ನ ದೋಷವನ್ನು ನೆನೆಯುವನೇ ಹೊರತು ನೆರೆಯವನ ದೋಷವನ್ನಲ್ಲ. ಆದರೆ ಪರೀಕ್ಷೆ ಸೋತಿತೆಂಬ ಸಮಾಧಾನದಲ್ಲಿ ಪುಸ್ತಕವನ್ನು ಮುಚ್ಚಿಡುವಂತಿಲ್ಲ. ದೇವಾಲಯದ ಟ್ರಸ್ಟುಗಳು, ವಿದ್ಯಾರ್ಥಿ ನಿಲಯಗಳು, ನೆರವಿನ ನಿಧಿಗಳು ಪ್ರತಿ ವರ್ಷ ಯಾರನ್ನೋ ಒಳಗೆ ಕರೆಯುತ್ತವೆ, ಯಾರನ್ನೋ ಹೊರಗೆ ಕಳುಹಿಸುತ್ತವೆ. ಆ ಲೆಕ್ಕವೆಲ್ಲ ಕಪಾಟಿನಲ್ಲಿ, ಅವರವರ ಕೈಬರಹದಲ್ಲಿಯೇ ಇದೆ. ವಿನೋಬನಗರದ ಹಿರಿಯರು ಅದನ್ನು ತೆಗೆದು ಓದಲು ನಾಲ್ಕು ದಿನ ಸಾಕಾಯಿತು.